ಲೆಕ್ಕದ ಸಾಫ್ಟ್‌ವೇರ್‌ಗೆ ಎಐ ಬಂದಿದೆ: ಎಲ್ಲಿ ಬಿಡಬೇಕು, ಎಲ್ಲಿ ತಡೆಯಬೇಕು

ಜೋಹೋ ಬುಕ್ಸ್ ಆಗಲಿ, ಮೈಕ್ರೋಸಾಫ್ಟ್‌ನ ಬಿಸಿನೆಸ್ ಸೆಂಟ್ರಲ್ ಆಗಲಿ, ಒಡೂ ಆಗಲಿ, ಈಗ ಯಾವುದನ್ನು ತೆರೆದರೂ ಒಂದಲ್ಲ ಒಂದು ಎಐ ಗುಂಡಿ ಕಾಣಿಸುತ್ತದೆ. ಜೋಹೋದಲ್ಲಿ ಅದರ ಹೆಸರು ಜಿಯಾ, ಮೈಕ್ರೋಸಾಫ್ಟ್‌ನಲ್ಲಿ ಕೋಪೈಲಟ್. ಬಿಲ್ ಓದುತ್ತೇನೆ, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ಲೆಕ್ಕ ತಾಳೆ ನೋಡುತ್ತೇನೆ, ಬಾಕಿ ಇರುವವರಿಗೆ ಮೇಲ್ ಬರೆಯುತ್ತೇನೆ ಅಂತ ಇವು ಹೇಳುತ್ತವೆ. ಮಾಲೀಕರು ಕೇಳುವ ಮೊದಲ ಪ್ರಶ್ನೆ ಒಂದೇ: "ಹಾಗಾದ್ರೆ ಅಕೌಂಟೆಂಟ್ ಬೇಡ್ವಾ?" ಬೇಕು. ಆದರೆ ಅವರ ಕೆಲಸ ಬದಲಾಗುತ್ತದೆ. ಟೈಪ್ ಮಾಡುವುದು ಕಡಿಮೆ, ನೋಡಿ ಒಪ್ಪುವುದು ಜಾಸ್ತಿ.

ಇದನ್ನು ಬರೆಯುತ್ತಿರುವುದು ಸಣ್ಣ ಕಾರ್ಖಾನೆ, ಹೋಲ್‌ಸೇಲ್ ಅಂಗಡಿ, ಸರ್ವಿಸ್ ಕಂಪನಿ ನಡೆಸುವವರಿಗೆ ಮತ್ತು ಅವರ ಲೆಕ್ಕ ಬರೆಯುವವರಿಗೆ. ಇವರಲ್ಲಿ ಎಷ್ಟೋ ಜನ ನಮ್ಮ ಬೆಂಗಳೂರಿನದೇ ಆದ ಟ್ಯಾಲಿಯಲ್ಲಿ ಕೈ ಪಳಗಿಸಿಕೊಂಡು ಆಮೇಲೆ ಕ್ಲೌಡ್‌ಗೆ ಬಂದವರು. ಅಲ್ಲಿ ನೀವು ಒತ್ತಿದ್ದಷ್ಟೇ ಆಗುತ್ತಿತ್ತು. ಇಲ್ಲಿ ನೀವು ಒತ್ತದೇ ಇದ್ದದ್ದೂ ಆಗಬಹುದು. ಅದಕ್ಕೇ ನನ್ನ ಕಡೆಯಿಂದ ಒಂದೇ ಕಟ್ಟಳೆ: ಎಐ ಕರಡು ಎಂಟ್ರಿ ತಯಾರಿಸಲಿ, ಅದನ್ನು ಲೆಕ್ಕಕ್ಕೆ ಏರಿಸುವ ಗುಂಡಿಯನ್ನು ಮಾತ್ರ ಮನುಷ್ಯರೇ ಒತ್ತಲಿ. ಈ ಕಟ್ಟಳೆ ಮುರಿಯದೆ ಕೆಲಸ ಹಗುರ ಮಾಡಿಕೊಳ್ಳುವುದು ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದಲು ಮಾಸ್ಟರ್ ಸರಿ ಮಾಡಿ

ಮಾಸ್ಟರ್ ಅಂದರೆ ನಿಮ್ಮ ಪಾರ್ಟಿಗಳು (ಕೊಳ್ಳುವವರು, ಮಾರುವವರು), ವಸ್ತುಗಳು, ಲೆಡ್ಜರ್‌ಗಳು (ಒಂದೊಂದರ ಖಾತೆ) ಇವುಗಳ ಮೂಲ ಪಟ್ಟಿ. ಎಐ ನಿಮ್ಮ ಹಳೆಯ ಎಂಟ್ರಿಗಳನ್ನು ನೋಡಿಯೇ ಊಹೆ ಮಾಡುತ್ತದೆ. ಹಳೆಯದು ಕಲಸುಮೇಲೋಗರ ಆಗಿದ್ದರೆ ಊಹೆಯೂ ಹಾಗೇ ಇರುತ್ತದೆ. ನಮ್ಮ ಕಡೆ ಇದರಲ್ಲಿ ದೊಡ್ಡ ತಲೆನೋವು ಪಾರ್ಟಿ ಹೆಸರುಗಳದ್ದು. ಶ್ರೀ ಮಂಜುನಾಥ ಟ್ರೇಡರ್ಸ್, ಮಂಜುನಾಥ ಟ್ರೇಡರ್ಸ್, ಎಸ್‌ಎಂ ಟ್ರೇಡರ್ಸ್ ಅಂತ ಮೂರು ಲೆಡ್ಜರ್ ಇದ್ದರೆ ಮೂರೂ ಒಂದೇ ಅಂಗಡಿ ಇರಬಹುದು, ಇಲ್ಲವೇ ದಾವಣಗೆರೆಯಲ್ಲೊಂದು, ಹಾಸನದಲ್ಲೊಂದು, ತಿಪಟೂರಿನಲ್ಲೊಂದು ಇರುವ ಬೇರೆ ಬೇರೆ ಅಂಗಡಿಗಳೂ ಇರಬಹುದು. ಬರೀ ಹೆಸರು ನೋಡಿದರೆ ನಿಮಗೇ ಗೊತ್ತಾಗುವುದಿಲ್ಲ, ಇನ್ನು ಎಐಗೆ ಹೇಗೆ ಗೊತ್ತಾಗಬೇಕು?

ಪಾರ್ಟಿಗಳ ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸಿ, ಜಿಎಸ್‌ಟಿ ನಂಬರ್ ಪ್ರಕಾರ ಜೋಡಿಸಿ. ಆ ನಂಬರ್ 15 ಅಕ್ಷರದ್ದು. ಮೊದಲ 2 ಅಂಕಿ ರಾಜ್ಯದ್ದು: ಕರ್ನಾಟಕಕ್ಕೆ 29, ತಮಿಳುನಾಡಿಗೆ 33, ಮಹಾರಾಷ್ಟ್ರಕ್ಕೆ 27. ಅದರ ನಂತರದ 10 ಅಕ್ಷರ ಆ ಪಾರ್ಟಿಯ ಪ್ಯಾನ್. ಒಂದೇ ನಂಬರ್ ಎರಡು ಲೆಡ್ಜರ್‌ನಲ್ಲಿದ್ದರೆ ಎರಡನ್ನೂ ಸೇರಿಸಿ ಒಂದು ಮಾಡಿ. ಪ್ಯಾನ್ ಒಂದೇ ಇದ್ದು ಮೊದಲ 2 ಅಂಕಿ ಬೇರೆ ಇದ್ದರೆ ಅದು ಬೇರೆ ರಾಜ್ಯದ ಶಾಖೆ, ಅದನ್ನು ಸೇರಿಸಬೇಡಿ. ಜಿಎಸ್‌ಟಿ ಇಲ್ಲದ ಸಣ್ಣ ಪಾರ್ಟಿಗಳನ್ನು ಫೋನ್ ನಂಬರ್ ಮೇಲೆ ಜೋಡಿಸಿಕೊಂಡರೆ ಸಾಕು.

ಇನ್ನೊಂದು ಲೆಡ್ಜರ್ ಬಗ್ಗೆ ಎಚ್ಚರ: "ಇತರೆ ಖರ್ಚು". ಆಟೋ ಬಾಡಿಗೆ, ಟೀ ಕಾಫಿ, ಯಂತ್ರದ ರಿಪೇರಿ, ಗಣೇಶನ ಹಬ್ಬದ ಚಂದಾ, ಎಲ್ಲವನ್ನೂ ವರ್ಷಗಟ್ಟಲೆ ಅಲ್ಲೇ ತುಂಬಿದ್ದರೆ ಎಐ ಕೂಡ ಗೊತ್ತಾಗದ್ದನ್ನೆಲ್ಲ ಅಲ್ಲಿಗೇ ಸುರಿಯುತ್ತದೆ. ಕಳೆದ ಒಂದು ವರ್ಷದ್ದಾದರೂ ಬೇರೆ ಬೇರೆ ಲೆಡ್ಜರ್‌ಗೆ ಹಂಚಿದ ಮೇಲೆ ಮುಂದುವರಿಯಿರಿ. ಬೇಜಾರಿನ ಕೆಲಸ, ನಿಜ. ಇದನ್ನು ಬಿಟ್ಟು ಮುಂದೆ ಹೋದರೆ ಮುಂದಿನದೆಲ್ಲ ಸುಮ್ನೆ.

ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಯಾವ ಯಾವ ಎಐ ಸೌಲಭ್ಯ ಆಗಲೇ ಆನ್ ಆಗಿದೆ ಅಂತ ನೋಡಿ. ಬಿಸಿನೆಸ್ ಸೆಂಟ್ರಲ್‌ನಲ್ಲಿ ಕೋಪೈಲಟ್ ಮತ್ತು ಏಜೆಂಟ್‌ಗಳಿಗೇ (ಹೇಳಿದ ಕೆಲಸವನ್ನು ತಾವಾಗಿಯೇ ಮಾಡುವ ಎಐಗಳು) ಒಂದು ಪುಟ ಇದೆ, ಒಂದೊಂದನ್ನೂ ಬೇರೆ ಬೇರೆಯಾಗಿ ಆನ್ ಆಫ್ ಮಾಡಬಹುದು. ತಾನಾಗಿಯೇ ಒಪ್ಪುವ, ತಾನಾಗಿಯೇ ಪೋಸ್ಟ್ ಮಾಡುವ (ಲೆಕ್ಕಕ್ಕೆ ಏರಿಸುವ) ಆಯ್ಕೆ ಎಲ್ಲೇ ಕಂಡರೂ ಸದ್ಯಕ್ಕೆ ಆಫ್.

ಮುಗಿದ ತಿಂಗಳಿನ ಮೇಲೆ ಪರೀಕ್ಷೆ

ಡೆಮೋ ನೋಡಿ ನಂಬಬೇಡಿ. ಅಲ್ಲಿ ತೋರಿಸುವ ಬಿಲ್ ಯಾವಾಗಲೂ ಶುಭ್ರವಾಗಿರುತ್ತದೆ, ಅದರ ಮೇಲೆ ಟೀ ಲೋಟದ ಗುರುತು ಇರುವುದಿಲ್ಲ. ನಿಮ್ಮದೇ ಲೆಕ್ಕದಲ್ಲಿ, ಜಿಎಸ್‌ಟಿ ರಿಟರ್ನ್ ಹಾಕಿ ಮುಗಿದಿರುವ ಒಂದು ತಿಂಗಳನ್ನು ತೆಗೆದುಕೊಳ್ಳಿ. ಆ ತಿಂಗಳಿಗೆ ಸರಿಯಾದ ಉತ್ತರ ನಿಮ್ಮ ಕೈಯಲ್ಲೇ ಇದೆ, ಅದೇ ಅನುಕೂಲ. ಬಿಸಿನೆಸ್ ಸೆಂಟ್ರಲ್‌ನಲ್ಲಿ ಇದಕ್ಕೆ ಸ್ಯಾಂಡ್‌ಬಾಕ್ಸ್ (ನಿಜವಾದ ಲೆಕ್ಕಕ್ಕೆ ತಾಗದ ಪ್ರಯೋಗದ ಜಾಗ) ಸಿಗುತ್ತದೆ, ಬೇರೆ ಕಡೆ ಒಂದು ಟ್ರಯಲ್ ಖಾತೆ ತೆರೆದುಕೊಳ್ಳಿ. ನಿಜವಾದ ಪುಸ್ತಕದಲ್ಲಿ ಪ್ರಯೋಗ ಬೇಡ.

ಬಿಲ್‌ಗಳನ್ನು ಆರಿಸುವಾಗ ಕೆಟ್ಟವನ್ನೇ ಆರಿಸಿ. ಮೇಲ್‌ನಲ್ಲಿ ಬಂದ ಪಿಡಿಎಫ್ ಒಂದಿಷ್ಟು, ಅಕ್ಷರ ಮಾಸಿದ ಥರ್ಮಲ್ ಕಾಗದದ್ದು ಒಂದಿಷ್ಟು, ಹಾರ್ಡ್‌ವೇರ್ ಅಂಗಡಿಯವರು ಕೈಯಲ್ಲಿ ಗೀಚಿದ್ದು, ಕನ್ನಡದಲ್ಲೇ ಬರೆದದ್ದು, ಲಾರಿ ಬಾಡಿಗೆ ಸೇರಿಸಿದ್ದು, ಡಿಸ್ಕೌಂಟ್ ಕಳೆದದ್ದು, ಹೊರರಾಜ್ಯದ್ದು. ಎಲ್ಲ ಮುಗಿದ ಮೇಲೆ ಎಷ್ಟು ತಪ್ಪಾಯಿತು ಅಂತ ಎಣಿಸುವುದಕ್ಕಿಂತ, ತಪ್ಪಾದಾಗ ಅದು ನಿಮಗೆ ತೋರಿಸಿತಾ ಅಂತ ನೋಡಿ. "ಈ ಮೊತ್ತ ಸರಿಯಾಗಿ ಕಾಣುತ್ತಿಲ್ಲ, ನೋಡಿ" ಅಂತ ಹಳದಿ ಗುರುತು ಹಾಕುವ ಸಾಫ್ಟ್‌ವೇರ್ ಜಾಸ್ತಿ ತಪ್ಪು ಮಾಡಿದರೂ ಪರವಾಗಿಲ್ಲ. ಸದ್ದಿಲ್ಲದೆ 8,450 ಅನ್ನು 3,450 ಅಂತ ಓದಿ ಮುಂದೆ ಹೋಗುವುದು ಅಪಾಯ.

ಬಿಲ್ ಓದಿಸುವುದು

ಎಐನಿಂದ ಮೊದಲ ಲಾಭ ಸಿಗುವುದು ಇಲ್ಲೇ. ಜೋಹೋ ಬುಕ್ಸ್‌ನಲ್ಲಿ ಇದಕ್ಕೆ ಆಟೋಸ್ಕ್ಯಾನ್ ಅನ್ನುತ್ತಾರೆ. ಬಿಲ್ಲಿನ ಫೋಟೋ ಅಥವಾ ಪಿಡಿಎಫ್ ಹಾಕಿದರೆ ಪಾರ್ಟಿ, ತಾರೀಖು, ಮೊತ್ತ ತೆಗೆದು ಕೊಡುತ್ತದೆ. ಒಡೂದಲ್ಲೂ ಇದೆ. ಎರಡರಲ್ಲೂ ಇದು ಪುಕ್ಕಟೆ ಅಲ್ಲ. ಜೋಹೋದಲ್ಲಿ ನಿಮ್ಮ ಪ್ಲಾನ್‌ಗೆ ತಿಂಗಳಿಗೆ ಇಷ್ಟು ಅಂತ ಮಿತಿ, ಒಡೂದಲ್ಲಿ ಓದಿಸಿದಷ್ಟು ಕ್ರೆಡಿಟ್ (ದುಡ್ಡು ಕೊಟ್ಟು ಕೊಳ್ಳುವ ಅಂಕ) ಖರ್ಚು. ಹಾಗಾಗಿ 40 ರೂಪಾಯಿ ಟೀ ಬಿಲ್ಲನ್ನೆಲ್ಲ ಸ್ಕ್ಯಾನ್ ಮಾಡಿಸುತ್ತಾ ಕೂರಬೇಡಿ. ಅವನ್ನು ದಿನದ ಕೊನೆಗೆ ಒಂದೇ ವೋಚರ್‌ನಲ್ಲಿ ಕೈಯಿಂದಲೇ ಬರೆಯಿರಿ.

ಸಪ್ಲೈಯರ್‌ಗಳಿಗೆ ಪಿಡಿಎಫ್ ಕಳಿಸಲು ಹೇಳಿ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಫೋಟೋ ಕುಗ್ಗಿರುತ್ತದೆ, ಅಂಚು ಮಡಚಿರುತ್ತದೆ, ಮೇಲೆ ಕೈ ನೆರಳು ಬಿದ್ದಿರುತ್ತದೆ. ಫೋಟೋ ಬಿಟ್ಟು ಬೇರೆ ದಾರಿ ಇಲ್ಲದಿದ್ದರೆ ವಾಟ್ಸ್‌ಆ್ಯಪ್‌ನಲ್ಲೇ ಡಾಕ್ಯುಮೆಂಟ್ ಅಂತ ಕಳಿಸಲಿ, ಆಗ ಕುಗ್ಗುವುದಿಲ್ಲ.

ಬಂದ ಕರಡಿನಲ್ಲಿ ಎಲ್ಲವನ್ನೂ ಓದುತ್ತಾ ಕೂತರೆ ಉಳಿದ ಸಮಯ ಅಲ್ಲೇ ಹೋಗುತ್ತದೆ. ಕಣ್ಣು ಹಾಯಿಸಬೇಕಾದದ್ದು ಜಿಎಸ್‌ಟಿ ನಂಬರ್, ಬಿಲ್ ನಂಬರ್, ತಾರೀಖು, ತೆರಿಗೆಯ ಬಗೆ. ಬಿಲ್ ನಂಬರ್‌ನಲ್ಲಿ ಸೊನ್ನೆ ಮತ್ತು ಇಂಗ್ಲಿಷಿನ ಓ ಅದಲು ಬದಲಾಗುತ್ತವೆ, ನಡುವಿನ ಓರೆಗೆರೆ ಮಾಯವಾಗುತ್ತದೆ. ಇದೇನು ಮಹಾ ಅನ್ನಿಸಬಹುದು. ಆದರೆ ಪ್ರತಿ ತಿಂಗಳು 14ಕ್ಕೆ ಬರುವ ಜಿಎಸ್‌ಟಿಆರ್-2ಬಿ (ನಿಮ್ಮ ಸಪ್ಲೈಯರ್‌ಗಳು ತೋರಿಸಿದ ಬಿಲ್‌ಗಳ ಜಿಎಸ್‌ಟಿ ಪೋರ್ಟಲ್ ಪಟ್ಟಿ) ಜೊತೆ ತಾಳೆ ಹಾಕುವಾಗ ಆ ನಂಬರ್ ಹೊಂದದಿದ್ದರೆ ಆ ಬಿಲ್ ಎರಡೂ ಕಡೆ ಅನಾಥವಾಗಿ ನಿಲ್ಲುತ್ತದೆ, ನಿಮ್ಮ ತೆರಿಗೆ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿಯನ್ನು ನಿಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವುದು) ಕೂಡ ಅದರ ಜೊತೆಗೇ ನಿಲ್ಲುತ್ತದೆ. ತಾರೀಖಿನಲ್ಲಿ 03/04 ಅನ್ನು ಅಮೆರಿಕದವರ ಹಾಗೆ ಮಾರ್ಚ್ 4 ಅಂತ ಓದಿಬಿಟ್ಟರೆ ಹಣಕಾಸು ವರ್ಷವೇ ಬದಲಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ದೇಶ ಭಾರತ ಅಂತ ಇದೆಯಾ ನೋಡಿಕೊಳ್ಳಿ. ತೆರಿಗೆಯ ಬಗೆ ಸುಲಭ: ನೀವು ಕರ್ನಾಟಕದಲ್ಲಿದ್ದು ಸಪ್ಲೈಯರ್ ನಂಬರ್ 29ರಿಂದ ಶುರುವಾದರೆ ಸಾಮಾನ್ಯವಾಗಿ ಸಿಜಿಎಸ್‌ಟಿ (ಕೇಂದ್ರದ್ದು), ಎಸ್‌ಜಿಎಸ್‌ಟಿ (ರಾಜ್ಯದ್ದು) ಎರಡು ಸಾಲು. 33ರಿಂದ ಶುರುವಾದರೆ ಐಜಿಎಸ್‌ಟಿ (ಹೊರರಾಜ್ಯದ ವ್ಯಾಪಾರದ್ದು) ಒಂದೇ ಸಾಲು. ಇದು ಹೊಂದದ ಕರಡನ್ನು ಪಕ್ಕಕ್ಕಿಡಿ.

ತೆರಿಗೆ ದರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವು. ಸಿಮೆಂಟ್, ಏಸಿ 28ರಿಂದ 18ಕ್ಕೆ ಬಂದವು, ತುಪ್ಪ, ಬೆಣ್ಣೆ 12ರಿಂದ 5ಕ್ಕೆ ಇಳಿದವು. ಈಗ ಯೋಚಿಸಿ. ವರ್ಷಗಟ್ಟಲೆ ಒಂದು ವಸ್ತುವಿಗೆ 12 ಅಂತ ನೋಡಿ ಕಲಿತಿರುವ ಸಾಫ್ಟ್‌ವೇರ್, ಬಿಲ್ಲಿನ ಮೇಲಿನ ಅಂಕಿ ಸರಿಯಾಗಿ ಕಾಣದಿದ್ದಾಗ ಏನು ತುಂಬುತ್ತದೆ? 12. ಹಳೆಯದರಿಂದ ಕಲಿಯುವ ಯಾವುದೇ ಯಂತ್ರ ನಿಯಮ ಬದಲಾದ ಹೊಸತರಲ್ಲೇ ಜಾಸ್ತಿ ತಪ್ಪುತ್ತದೆ. ಹಾಗಾಗಿ ಬಜೆಟ್ ಆದ ಮೇಲೆ, ಜಿಎಸ್‌ಟಿ ಕೌನ್ಸಿಲ್ ತೀರ್ಮಾನ ಜಾರಿಗೆ ಬಂದ ಮೇಲೆ, ಮೊದಲ ಕೆಲವು ವಾರ ದರದ ಕಾಲಂ ಅನ್ನು ಕಡ್ಡಾಯವಾಗಿ ಕಣ್ಣಿನಿಂದ ನೋಡಿ. ಐಟಂ ಮಾಸ್ಟರ್‌ನಲ್ಲೂ ದರ ಬದಲಾಯಿಸಿ. ಎಐ ಅದನ್ನು ತಾನಾಗಿ ಬದಲಾಯಿಸುತ್ತದೆ ಅಂತ ಕಾಯಬೇಡಿ.

ಇ-ಇನ್‌ವಾಯ್ಸ್ (ಸರ್ಕಾರಿ ಪೋರ್ಟಲ್‌ನಲ್ಲಿ ದಾಖಲಾದ ಬಿಲ್) ಇದ್ದರೆ ಕೆಲಸ ಇನ್ನೂ ಸುಲಭ. 2023ರ ಆಗಸ್ಟ್ 1ರಿಂದ 5 ಕೋಟಿಗಿಂತ ಹೆಚ್ಚು ವಹಿವಾಟು ಇರುವವರು ವ್ಯಾಪಾರಿಗಳಿಗೆ ಕೊಡುವ ಬಿಲ್‌ಗೆ ಅದು ಕಡ್ಡಾಯ. ಅದರ ಕ್ಯೂಆರ್ ಕೋಡ್‌ನಲ್ಲೇ ಇಬ್ಬರ ಜಿಎಸ್‌ಟಿ ನಂಬರ್, ಬಿಲ್ ನಂಬರ್, ತಾರೀಖು, ಒಟ್ಟು ಮೊತ್ತ ಇರುತ್ತವೆ. ಅಕ್ಷರ ಓದಿ ಊಹಿಸುವುದಕ್ಕಿಂತ ಇದನ್ನು ಓದುವುದೇ ಲೇಸು. ನಿಮ್ಮ ಸಾಫ್ಟ್‌ವೇರ್‌ಗೆ ಕ್ಯೂಆರ್ ಓದಲು ಬರುತ್ತದಾ ಅಂತ ಮಾರಾಟ ಮಾಡಿದವರನ್ನು ಕೇಳಿ.

ಡಬಲ್ ಎಂಟ್ರಿ ಬಗ್ಗೆಯೂ ಒಂದು ಮಾತು. ಒಂದೇ ಬಿಲ್ ಮೇಲ್‌ನಲ್ಲೂ ಬರುತ್ತದೆ, ಮಾಲಿನ ಜೊತೆ ಕಾಗದದಲ್ಲೂ ಬರುತ್ತದೆ. ಒಬ್ಬರು ಪಿಡಿಎಫ್ ಹಾಕುತ್ತಾರೆ, ಗೋಡೌನ್ ಹುಡುಗ ಫೋಟೋ ಹಾಕುತ್ತಾನೆ. ಒಂದೇ ಪಾರ್ಟಿಯ ಒಂದೇ ನಂಬರಿನ ಬಿಲ್ ಎರಡನೇ ಸಲ ಬಂದರೆ ತಡೆಯುವ ಸೆಟ್ಟಿಂಗ್ ಇದ್ದರೆ ಇವತ್ತೇ ಆನ್ ಮಾಡಿ.

ಬ್ಯಾಂಕ್ ತಾಳೆ

ಇಲ್ಲಿ ಜನ ಮಾಡುವ ಎಡವಟ್ಟು ಅಂದರೆ ಎಲ್ಲವನ್ನೂ ಎಐಗೆ ಬಿಟ್ಟುಬಿಡುವುದು. ಪ್ರತಿ ತಿಂಗಳು ಒಂದೇ ಥರ ಬರುವ ಸಾಲುಗಳಿಗೆ, ಅಂದರೆ ಕಟ್ಟಡದ ಬಾಡಿಗೆ, ಬೆಸ್ಕಾಂ ಬಿಲ್, ಬ್ಯಾಂಕ್ ಚಾರ್ಜ್, ಸಾಲದ ಕಂತು ಇಂಥವಕ್ಕೆ, ಮೊದಲು ನೀವೇ ನಿಯಮ ಬರೆದಿಡಿ. ನಿಯಮ ಊಹೆ ಮಾಡುವುದಿಲ್ಲ. ಅದು ಮುಗಿದ ಮೇಲೆ ಉಳಿದದ್ದನ್ನು ಎಐಗೆ ಕೊಡಿ. ಬಿಸಿನೆಸ್ ಸೆಂಟ್ರಲ್‌ನ ಕೋಪೈಲಟ್ ಕೆಲಸ ಮಾಡುವುದೂ ಹೀಗೇ: ಮೊದಲು ಮಾಮೂಲಿ ಆಟೋ ಮ್ಯಾಚ್ ನಡೆಯುತ್ತದೆ, ಹೊಂದದೇ ಉಳಿದ ಸಾಲುಗಳನ್ನು ಕೋಪೈಲಟ್ ನೋಡುತ್ತದೆ, ಅದಕ್ಕೂ ಹೊಂದದ್ದಕ್ಕೆ ಯಾವ ಲೆಡ್ಜರ್ ಸರಿ ಇರಬಹುದು ಅಂತ ಸಲಹೆ ಕೊಡುತ್ತದೆ. ಆ ಕೊನೆಯ ಸಲಹೆಯನ್ನು ಮಾತ್ರ ಕಣ್ಣು ಮುಚ್ಚಿ ಒಪ್ಪಬೇಡಿ.

ಜಾಸ್ತಿ ಗೊಂದಲ ಆಗುವುದು ಟಿಡಿಎಸ್ (ಹಣ ಕೊಡುವವರೇ ಹಿಡಿದು ನಿಮ್ಮ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಕಳೆದು ಬಂದ ಹಣದಲ್ಲಿ. ಪೀಣ್ಯದ ಒಂದು ಯೂನಿಟ್‌ನವರು ಕಂಪನಿಯೊಂದಕ್ಕೆ 1,00,000 ರೂಪಾಯಿಯ ಜಾಬ್ ವರ್ಕ್ ಮಾಡಿ, 18% ಜಿಎಸ್‌ಟಿ ಸೇರಿಸಿ 1,18,000ಕ್ಕೆ ಬಿಲ್ ಕೊಟ್ಟರು ಅಂದುಕೊಳ್ಳಿ. ಕಂಪನಿಯವರು ಜಿಎಸ್‌ಟಿ ಬಿಟ್ಟು 1,00,000ದ ಮೇಲೆ 2% ಟಿಡಿಎಸ್ ಹಿಡಿದು 1,16,000 ಹಾಕುತ್ತಾರೆ. ಎಐ ಮುಂದೆ ಈಗ 1,18,000ದ ಬಿಲ್ ಇದೆ, 1,16,000ದ ಜಮಾ ಇದೆ. ಅದು "ಭಾಗಶಃ ಪಾವತಿ, 2,000 ಬಾಕಿ" ಅಂತ ಹೊಂದಿಸಿಬಿಡಬಹುದು. ಆಮೇಲೆ ಆ 2,000ಕ್ಕೆ ಜ್ಞಾಪನೆ ಮೇಲ್ ಹೋಗುತ್ತದೆ, ಆ ಕಂಪನಿಯವರು ಫೋನ್ ಮಾಡಿ ಉಗಿಯುತ್ತಾರೆ, ಇತ್ತ ನಿಮ್ಮ ಲೆಕ್ಕದಲ್ಲಿ ಟಿಡಿಎಸ್ ಜಮಾನೇ ಕಾಣಿಸುವುದಿಲ್ಲ. ಇದಕ್ಕೆ ಮದ್ದು: ಟಿಡಿಎಸ್ ಹಿಡಿಯುವ ಗ್ರಾಹಕರ ಮಾಸ್ಟರ್‌ನಲ್ಲಿ ಅದನ್ನು ಮೊದಲೇ ಗುರುತು ಮಾಡಿ. ಅಂಥವರಿಂದ ಬಿಲ್‌ಗಿಂತ ಕಡಿಮೆ ಬಂದ ಜಮಾ ಎಲ್ಲವೂ ಅಕೌಂಟೆಂಟ್ ಕಣ್ಣಿಗೆ ಬಿದ್ದೇ ಹೋಗಲಿ.

ಒಂದೇ ಮೊತ್ತದ ಎರಡು ಜಮಾ ಬಂದಾಗಲೂ ಹೀಗೇ. 25,000 ರೂಪಾಯಿ ಇಬ್ಬರಿಂದ ಬಂದಿದ್ದರೆ ಮೊತ್ತ ನೋಡಿ ಹೊಂದಿಸಿದ್ದು ಅದೃಷ್ಟದ ಆಟ. ಎನ್‌ಇಎಫ್‌ಟಿ, ಆರ್‌ಟಿಜಿಎಸ್ ಆದರೆ ಯುಟಿಆರ್ ನಂಬರ್ (ಆ ವರ್ಗಾವಣೆಯ ಗುರುತಿನ ಸಂಖ್ಯೆ), ಯುಪಿಐ ಆದರೆ 12 ಅಂಕಿಯ ರೆಫರೆನ್ಸ್ ನಂಬರ್. ಇವನ್ನು ಜಮಾ ಬರೆಯುವಾಗಲೇ ಹಾಕುವ ಅಭ್ಯಾಸ ಇದ್ದರೆ ಎಐಗೂ ಸುಲಭ, ನಿಮಗೂ ಸುಲಭ. ಅಂದ ಹಾಗೆ, ಗ್ರಾಹಕರು ಮಾಲೀಕರ ಸ್ವಂತ ನಂಬರಿಗೆ ಗೂಗಲ್ ಪೇ ಮಾಡಿದ ಹಣವನ್ನು ಯಾವ ಎಐ ಕೂಡ ಹುಡುಕಿ ಕೊಡುವುದಿಲ್ಲ.

ಪ್ರಶ್ನೆ ಕೇಳುವುದು, ಪತ್ರ ಬರೆಸುವುದು

ಚಾಟ್‌ನಲ್ಲಿ "ನಮ್ಮ ವ್ಯಾಪಾರ ಹೇಗಿದೆ?" ಅಂತ ಕೇಳಿದರೆ ಜಾತಕ ಹೇಳಿದ ಹಾಗೆ ಉತ್ತರ ಬರುತ್ತದೆ. ತಾರೀಖು, ಲೆಡ್ಜರ್, ಮಿತಿ ಮೂರನ್ನೂ ಹೇಳಿ ಕೇಳಿ: "ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗಿನ ಮಾರಾಟದಲ್ಲಿ 60 ದಿನ ದಾಟಿದ ಬಾಕಿ ಯಾರ ಯಾರದ್ದು, ದೊಡ್ಡದರಿಂದ ಚಿಕ್ಕದಕ್ಕೆ ಪಟ್ಟಿ ಕೊಡು." "ಕಳೆದ ವರ್ಷ" ಅಂತ ಬರೆಯಲೇಬೇಡಿ, ಅದು ಜನವರಿಯಿಂದ ಎಣಿಸುತ್ತದಾ ಏಪ್ರಿಲ್‌ನಿಂದ ಎಣಿಸುತ್ತದಾ ಅನ್ನುವುದು ನಿಮಗೆ ಕಾಣುವುದಿಲ್ಲ. ಕನ್ನಡದಲ್ಲೂ ಕೇಳಿ ನೋಡಿ, ಆದರೆ ಪಾರ್ಟಿ ಹೆಸರನ್ನು ಲೆಡ್ಜರ್‌ನಲ್ಲಿ ಇರುವ ಹಾಗೇ ಬರೆಯಿರಿ. ಬಂದ ಒಟ್ಟು ಮೊತ್ತವನ್ನು ಮಾಮೂಲಿ ರಿಪೋರ್ಟ್ ಜೊತೆ ಒಮ್ಮೆ ಹೋಲಿಸಿ, ಆಮೇಲೆ ಮಾಲೀಕರಿಗೆ ಹೇಳಿ.

ಕೇಳಲೇಬೇಕಾದ ಒಂದು ಪ್ರಶ್ನೆ ಇದೆ. ಉತ್ಪಾದನೆ ಅಥವಾ ಸೇವೆ ಮಾಡುವ ಸೂಕ್ಷ್ಮ, ಸಣ್ಣ ಉದ್ದಿಮೆಗಳಿಗೆ ಕೊಡಬೇಕಾದ ಹಣವನ್ನು 15 ದಿನದೊಳಗೆ, ಬರಹದ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು. ಗಡುವು ದಾಟಿದ ಬಾಕಿ ಮಾರ್ಚ್ 31ಕ್ಕೆ ಹಾಗೇ ಉಳಿದಿದ್ದರೆ ಆ ಖರ್ಚನ್ನು ಆ ವರ್ಷದ ಆದಾಯದಲ್ಲಿ ಕಳೆಯಲು ಬರುವುದಿಲ್ಲ, ಹಣ ಕೊಟ್ಟ ವರ್ಷಕ್ಕೆ ಮಾತ್ರ. ಈ ಪಟ್ಟಿಯನ್ನು ಚಾಟ್ ಕ್ಷಣದಲ್ಲಿ ತೆಗೆದುಕೊಡಬಹುದು, ಆದರೆ ಸಪ್ಲೈಯರ್ ಮಾಸ್ಟರ್‌ನಲ್ಲಿ ಉದ್ಯಮ್ (ಇಂಥ ಉದ್ದಿಮೆಗಳ ಸರ್ಕಾರಿ ನೋಂದಣಿ) ವಿವರ ತುಂಬಿದ್ದರೆ ಮಾತ್ರ. ಆ ಕಾಲಂ ಖಾಲಿ ಇದ್ದರೆ ಯಾರೂ ಇಲ್ಲ ಅಂತಲೇ ಉತ್ತರ ಬರುತ್ತದೆ, ಅದನ್ನು ನಂಬಿ ಕೂತರೆ ತೆರಿಗೆ ಕಟ್ಟುವವರು ನೀವು.

ಜ್ಞಾಪನೆ ಪತ್ರಗಳನ್ನು ಎಐ ಚೆನ್ನಾಗಿ ಬರೆಯುತ್ತದೆ, ದೊಡ್ಡ ಕಂಪನಿಗಳಿಗೆ ಇಂಗ್ಲಿಷಿನಲ್ಲಿ ಕಳಿಸಲು ಅದು ಸಾಕು. ಕನ್ನಡದಲ್ಲಿ ಬರೆಸಿದರೆ "ತಮ್ಮ ಪಾವತಿಯು ವಿಳಂಬಗೊಂಡಿರುವುದನ್ನು ಗಮನಕ್ಕೆ ತರಲು ಬಯಸುತ್ತೇವೆ" ಅಂತ ಕೋರ್ಟ್ ನೋಟಿಸ್ ಥರ ಆಗಿಬಿಡುತ್ತದೆ. ಇಪ್ಪತ್ತು ವರ್ಷದಿಂದ ವ್ಯಾಪಾರ ಮಾಡುತ್ತಿರುವವರಿಗೆ ಅದು ಹೋದರೆ ಮುಗೀತು. "ಅಣ್ಣಾ, ಆಗಸ್ಟ್ ಬಿಲ್ ಒಂದು ಉಳಿದಿದೆ, ಈ ವಾರ ಸ್ವಲ್ಪ ನೋಡಿ" ಅಂತ ನೀವೇ ಎರಡು ಮೂರು ಮಾದರಿ ಬರೆದಿಟ್ಟು, ಹೆಸರು ಮತ್ತು ಮೊತ್ತ ಮಾತ್ರ ಸಾಫ್ಟ್‌ವೇರ್ ತುಂಬುವ ಹಾಗೆ ಮಾಡಿ.

ಏಜೆಂಟ್‌ಗಳು: ನಿಧಾನಕ್ಕೆ

ಇವು ಒಂದು ಹೆಜ್ಜೆ ಮುಂದೆ. ಬಿಸಿನೆಸ್ ಸೆಂಟ್ರಲ್‌ನ ಸೇಲ್ಸ್ ಆರ್ಡರ್ ಏಜೆಂಟ್ ಒಂದು ಮೇಲ್ ಪೆಟ್ಟಿಗೆಯನ್ನು ನೋಡುತ್ತಿರುತ್ತದೆ. ಗ್ರಾಹಕರು ಇಂಥ ಮಾಲು ಬೇಕು ಅಂತ ಬರೆದರೆ ಸ್ಟಾಕ್ ನೋಡಿ, ಕೊಟೇಶನ್ ಮಾಡಿ, ನಿಮ್ಮ ಒಪ್ಪಿಗೆಗೆ ಇಡುತ್ತದೆ. ಜೋಹೋ ಕೂಡ 2025ರ ಜುಲೈನಲ್ಲಿ ತನ್ನದೇ ಭಾಷಾ ಮಾದರಿಯ ಜೊತೆ ಜಿಯಾ ಏಜೆಂಟ್‌ಗಳನ್ನು ಮುಂದಿಟ್ಟಿತು. ಒಳ್ಳೆಯದೇ. ಆದರೆ ನಿಮ್ಮ ಗೋಡೌನ್‌ನಲ್ಲಿ ಇರುವ ಮಾಲಿಗೂ ಸಾಫ್ಟ್‌ವೇರ್‌ನಲ್ಲಿ ಕಾಣುವ ಮಾಲಿಗೂ ಸಂಬಂಧವೇ ಇಲ್ಲದಿದ್ದರೆ ಏಜೆಂಟ್ ಇಲ್ಲದ ಮಾಲಿಗೆ ಕೊಟೇಶನ್ ಕೊಡುತ್ತದೆ. ಮೊದಲು ಸ್ಟಾಕ್ ಎಣಿಸಿ. ಉಧಾರಿ ಮಿತಿ ಪ್ರತಿ ಗ್ರಾಹಕರಿಗೂ ಹಾಕಿ.

ಒಂದು ವಿಷಯದಲ್ಲಿ ರಾಜಿಯೇ ಬೇಡ. "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಈ ನಂಬರಿಗೆ ಹಾಕಿ" ಅಂತ ಸಪ್ಲೈಯರ್ ಹೆಸರಿನಲ್ಲಿ ಬರುವ ಮೇಲ್ ಹಳೆಯ ಮೋಸ. ಓದುವವರು ಮನುಷ್ಯರಾಗಿದ್ದರೆ ಅನುಮಾನ ಪಡುತ್ತಾರೆ. ಮೇಲ್ ಓದಿ ಮಾಸ್ಟರ್ ತಿದ್ದುವ ಅಧಿಕಾರ ಏಜೆಂಟ್‌ಗೆ ಕೊಟ್ಟಿದ್ದರೆ ಅದು ವಿಧೇಯವಾಗಿ ತಿದ್ದಬಹುದು. ಪಾರ್ಟಿಗಳ ಬ್ಯಾಂಕ್ ವಿವರ ತಿದ್ದುವ ಅಧಿಕಾರ ಯಾವ ಏಜೆಂಟ್‌ಗೂ ಬೇಡ. ನಿಮ್ಮ ಹತ್ತಿರ ಮೊದಲಿನಿಂದ ಇರುವ ಫೋನ್ ನಂಬರಿಗೆ, ಮೇಲ್‌ನಲ್ಲಿ ಕೊಟ್ಟಿರುವ ನಂಬರಿಗೆ ಅಲ್ಲ, ಕರೆ ಮಾಡಿ ಕೇಳಿ ಆಮೇಲೆ ಇಬ್ಬರು ಸೇರಿ ತಿದ್ದಿ.

ಯಾರು ಬರೆದದ್ದು ಅನ್ನುವ ದಾಖಲೆ

ನಿಮ್ಮದು ನೋಂದಾಯಿತ ಕಂಪನಿ (ಪ್ರೈವೇಟ್ ಲಿಮಿಟೆಡ್ ಥರದ್ದು) ಆಗಿದ್ದರೆ, 2023ರ ಏಪ್ರಿಲ್ 1ರಿಂದ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಇರಬೇಕು, ಅದನ್ನು ಆಫ್ ಮಾಡಲು ಬರಬಾರದು. ಲೆಕ್ಕದ ಬ್ಯಾಕಪ್ ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನ ಆಗಬೇಕು ಅನ್ನುವ ನಿಯಮವೂ ಇದೆ. ಇವೆರಡನ್ನೂ ಮಾರುವವರಿಂದ ಬರಹದಲ್ಲಿ ಕೇಳಿ ಪಡೆಯಿರಿ. ಎಐ ಮಾಡಿದ ಎಂಟ್ರಿ ಆ ದಾಖಲೆಯಲ್ಲಿ ಯಾರ ಹೆಸರಿನಲ್ಲಿ ಕಾಣುತ್ತದೆ ಅಂತ ನೋಡಿ. ನಿಮ್ಮ ಅಕೌಂಟೆಂಟ್ ಹೆಸರಿನಲ್ಲೇ ಕಂಡರೆ ನಾಳೆ ಆಡಿಟರ್ ಮುಂದೆ ಅವರೇ ಉತ್ತರ ಕೊಡಬೇಕು, ಅದು ನ್ಯಾಯ ಅಲ್ಲ ಅಲ್ವಾ? ಸಾಧ್ಯವಿದ್ದರೆ ಎಐಗೆ ಬೇರೆ ಯೂಸರ್ ಮಾಡಿ. ಸಂಬಳದ ಪಟ್ಟಿ, ಆಧಾರ್ ಪ್ರತಿ ಇವನ್ನು ಪುಕ್ಕಟೆ ಚಾಟ್ ತಾಣಗಳಿಗೆ ಅಂಟಿಸುವುದನ್ನು ಆಫೀಸಿನಲ್ಲಿ ಪೂರ್ತಿ ನಿಲ್ಲಿಸಿ.

ತಿಂಗಳ ಓಟ ಹೀಗಿರಲಿ. 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ರಿಟರ್ನ್) ಹಾಕುವ ಮುಂಚೆ ಮಾರಾಟದ ಕರಡುಗಳೆಲ್ಲ ಖಾಲಿಯಾಗಲಿ. 14ಕ್ಕೆ 2ಬಿ ಬಂದ ಮೇಲೆ ಎಐಗೆ ತಾಳೆ ಹಾಕಲು ಹೇಳಿ, ಹೊಂದದ ಬಿಲ್‌ಗಳ ಪಟ್ಟಿ ಹಿಡಿದು ಸಪ್ಲೈಯರ್‌ಗಳಿಗೆ ಫೋನ್ ಮಾಡಿ. ಜಿಎಸ್‌ಟಿ ಪೋರ್ಟಲ್‌ನ ಐಎಂಎಸ್‌ನಲ್ಲಿ (ಸಪ್ಲೈಯರ್‌ಗಳ ಬಿಲ್ ಒಪ್ಪುವ ಪುಟ) ಒಪ್ಪುವ, ತಿರಸ್ಕರಿಸುವ ಗುಂಡಿಯನ್ನು ನೀವೇ ಒತ್ತಿ. ಅಲ್ಲಿ ಸುಮ್ಮನಿದ್ದರೆ ಒಪ್ಪಿದ ಹಾಗೆ ಲೆಕ್ಕ. 20ಕ್ಕೆ ಜಿಎಸ್‌ಟಿಆರ್-3ಬಿ (ತೆರಿಗೆ ಕಟ್ಟುವ ರಿಟರ್ನ್). ಮೂರು ತಿಂಗಳಿಗೊಮ್ಮೆ ಹಾಕುವವರಿಗೆ ಕರ್ನಾಟಕದಲ್ಲಿ ಅದು 22.

ಮೂರು ತಿಂಗಳು ಹೀಗೆ ನಡೆದ ಮೇಲೆ ತಿದ್ದುಪಡಿ ದಾಖಲೆಯನ್ನು ತೆಗೆದು, ಎಐ ಬರೆದು ಅಕೌಂಟೆಂಟ್ ತಿದ್ದಿದ ಎಂಟ್ರಿಗಳನ್ನು ಪಾರ್ಟಿ ಪ್ರಕಾರ ಜೋಡಿಸಿ. ತಪ್ಪುಗಳು ಎಲ್ಲರಲ್ಲೂ ಹರಡಿರುವುದಿಲ್ಲ, ಕೆಲವೇ ಸಪ್ಲೈಯರ್‌ಗಳ ಬಿಲ್‌ನಲ್ಲಿ ಗುಂಪಾಗಿರುತ್ತವೆ. ಆ ಬಿಲ್‌ಗಳನ್ನು ಸ್ಕ್ಯಾನ್‌ನಿಂದ ತೆಗೆದು ಕೈಯಿಂದ ಬರೆಯಿರಿ, ಉಳಿದದ್ದು ಹಾಗೇ ನಡೆಯಲಿ.